ಗಂಡ ಬ್ರಾಂಪ್ಟನ್ನಿನಲ್ಲಿ, ನಾನು ಸಾಗರದಲ್ಲಿ, ಫೈಲು ಎಲ್ಲಿ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಹಳ್ಳಿಯವಳು. ಮದುವೆಯಾಗಿ ಒಂದೂವರೆ ವರ್ಷ. ಗಂಡ ಕೆನಡಾದ ಬ್ರಾಂಪ್ಟನ್‌ನಲ್ಲಿದ್ದಾರೆ, ಪಿಆರ್ (ಖಾಯಂ ವಾಸದ ಅನುಮತಿ) ಇದೆ, ಪೌರತ್ವ ಇನ್ನೂ ಇಲ್ಲ. ನನ್ನ ಪಿಆರ್‌ಗೆ ಅವರು ಸ್ಪಾನ್ಸರ್ ಮಾಡಿ ಜನವರಿಯಲ್ಲಿ ಅರ್ಜಿ ಹಾಕಿದೆವು. ಅವರ ಅರ್ಹತೆ ಒಪ್ಪಿಗೆಯಾಗಿದೆ. ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಹೋಗಿ ಬಯೋಮೆಟ್ರಿಕ್ಸ್, ಮೆಡಿಕಲ್ ಮುಗಿಸಿದೆ. ಈಗ ಡಿಸೆಂಬರ್. ಎಂಟು ತಿಂಗಳಿಂದ ಸ್ಟೇಟಸ್ ಕದಲಿಲ್ಲ. ಹಿನ್ನೆಲೆ ಪರಿಶೀಲನೆ ‘ನಡೆಯುತ್ತಿದೆ’ ಎಂದೇ ತೋರಿಸುತ್ತದೆ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ತೋಟದ ಮೇಲಿನ ಗುಡ್ಡದಲ್ಲಿ. ದಿನಕ್ಕೆ ನಾಲ್ಕೈದು ಸಲ ಹತ್ತಿ ನೋಡಿ ಬರುತ್ತೇನೆ. ಇಳಿದು ಬಂದರೆ ಅತ್ತೆ “ಬಂತೇನೇ?” ಅನ್ನುತ್ತಾರೆ. ಪರಿಚಯದ ಏಜೆಂಟ್ ಒಬ್ಬರು 40 ಸಾವಿರ ಕೊಟ್ಟರೆ ಫೈಲು ಮುಂದೆ ತಳ್ಳಿಸುತ್ತೇನೆ ಎನ್ನುತ್ತಾರೆ. ಗಂಡನೋ, ರಜೆ ಹಾಕಿ ಐದಾರು ತಿಂಗಳು ಇಲ್ಲಿಗೇ ಬಂದುಬಿಡುತ್ತೇನೆ, ಒಟ್ಟಿಗೆ ಕಾಯೋಣ ಎನ್ನುತ್ತಿದ್ದಾರೆ. ಬರುವ ಮೇ ತಿಂಗಳಲ್ಲಿ ನನ್ನ ತಂಗಿಯ ಮದುವೆ. ನಮ್ಮ ಅರ್ಜಿ ಎಲ್ಲಾದರೂ ಸಿಕ್ಕಿಹಾಕಿಕೊಂಡಿದೆಯೇ? ನಾನೇನು ಮಾಡಲಿ?

ಉತ್ತರ: ಮೊದಲು ಏಜೆಂಟ್ ವಿಷಯ ಮುಗಿಸಿಬಿಡೋಣ. ಆ 40 ಸಾವಿರ ಕೊಡಬೇಡಿ. ಪೋಡಿಗೋ ಖಾತೆ ಬದಲಾವಣೆಗೋ ಅರ್ಜಿ ಹಾಕಿ ಓಡಾಡಿದ ನಮಗೆ, ಫೈಲು ಎಂದರೆ ಯಾರೋ ಕೈಯಲ್ಲಿ ಹಿಡಿದು ಈ ಮೇಜಿನಿಂದ ಆ ಮೇಜಿಗೆ ದಾಟಿಸುವ ಕಟ್ಟು ಎಂಬ ಚಿತ್ರ ಮನಸ್ಸಿನಲ್ಲಿ ಕೂತಿರುತ್ತದೆ. ಕೆನಡಾದ ವಲಸೆ ಇಲಾಖೆಯಲ್ಲಿ ನಿಮ್ಮದು ಕಂಪ್ಯೂಟರಿನೊಳಗಿನ ಕಡತ. ಒಂದು ಭಾಗವನ್ನು ಒಂದು ಕಚೇರಿ ನೋಡುತ್ತಿದ್ದರೆ ಇನ್ನೊಂದು ಭಾಗವನ್ನು ಬೇರೊಂದು ಊರಿನ ಕಚೇರಿ ನೋಡುತ್ತಿರಬಹುದು. ಶಿವಮೊಗ್ಗದಲ್ಲಿ ಕೂತವರು ತಳ್ಳಲು ಅಲ್ಲಿ ಏನೂ ಇಲ್ಲ. ಅದಕ್ಕಿಂತ ಮುಖ್ಯ ಸಂಗತಿಯೆಂದರೆ, ಕೆನಡಾದ ವಲಸೆ ಅರ್ಜಿಗೆ ದುಡ್ಡು ತೆಗೆದುಕೊಂಡು ಸಲಹೆ ಕೊಡಲು ಅಲ್ಲಿನ ವಕೀಲರು, ಪ್ಯಾರಾಲೀಗಲ್‌ಗಳು, ಕ್ವಿಬೆಕ್‌ನ ನೋಟರಿಗಳು ಮತ್ತು ಪರವಾನಗಿ ಪಡೆದ ಸಲಹೆಗಾರರಿಗೆ ಮಾತ್ರ ಕಾನೂನಿನ ಅನುಮತಿ. ನಾನೂ ಆ ಪರವಾನಗಿ ಇಟ್ಟುಕೊಂಡು ನಿಮ್ಮ ಗಂಡ ಇರುವ ಒಂಟಾರಿಯೊ ಪ್ರಾಂತ್ಯದಲ್ಲೇ ಹಲವು ವರ್ಷ ಈ ಕೆಲಸ ಮಾಡಿ ಈಗ ಕೊಪ್ಪಕ್ಕೆ ಮರಳಿದವನು. ನನ್ನ ಕೈಯಲ್ಲೂ ಯಾರ ಫೈಲೂ ಒಂದು ದಿನ ಮುಂದೆ ಹೋಗಿದ್ದಿಲ್ಲ.

ಆದರೆ ಒಂದನ್ನು ಇವತ್ತೇ ಖಚಿತಪಡಿಸಿಕೊಳ್ಳಿ. ಅರ್ಜಿಯಲ್ಲಿ ಕೊಟ್ಟ ಇಮೇಲ್ ಯಾರದು? ನಿಮ್ಮದೋ, ಗಂಡನದೋ, ಅಥವಾ ಅರ್ಜಿ ತುಂಬಲು ನೆರವಾದ ಯಾವುದೋ ಅಂಗಡಿಯವರದೋ? ನನ್ನ ಬಳಿ ಬಂದ ‘ಸಿಕ್ಕಿಹಾಕಿಕೊಂಡ’ ಪ್ರಕರಣಗಳಲ್ಲಿ ಕೆಲವು ನಿಜಕ್ಕೂ ಸಿಕ್ಕಿಕೊಂಡಿದ್ದು ಇಂಥ ಕಡೆ. ಇಲಾಖೆ ಏನೋ ದಾಖಲೆ ಕೇಳಿ ಪತ್ರ ಕಳಿಸಿರುತ್ತದೆ, ಅದು ಮತ್ತೊಬ್ಬರ ಇನ್‌ಬಾಕ್ಸ್‌ನಲ್ಲೋ ಸ್ಪ್ಯಾಮ್‌ನಲ್ಲೋ ಮಲಗಿರುತ್ತದೆ, ಇಲ್ಲಿ ಮನೆಯವರು ಗುಡ್ಡ ಹತ್ತಿ ಸ್ಟೇಟಸ್ ನೋಡುತ್ತಿರುತ್ತಾರೆ. ಇಮೇಲ್ ನಿಮ್ಮ ಕೈಯಲ್ಲಿಲ್ಲ ಅಂತಾದರೆ ಇಲಾಖೆಯ ವೆಬ್‌ಫಾರ್ಮ್ ಮೂಲಕ ಅದನ್ನು ಬದಲಿಸಿ. ಉಳಿದದ್ದೆಲ್ಲ ಆಮೇಲೆ.

ಈಗ ಆ ಪರದೆಯ ವಿಚಾರ. ಸಂಗಾತಿಯ ಅರ್ಜಿ ಹಾಕಿದವರಿಗಾಗಿ ಇಲಾಖೆ 2022ರ ಫೆಬ್ರುವರಿಯಲ್ಲಿ ಸ್ಟೇಟಸ್ ಟ್ರ್ಯಾಕರ್ ಶುರುಮಾಡಿತು. ಅರ್ಹತೆ, ವೈದ್ಯಕೀಯ ಪರೀಕ್ಷೆ, ಬಯೋಮೆಟ್ರಿಕ್ಸ್, ಹಿನ್ನೆಲೆ ಪರಿಶೀಲನೆ, ಅಂತಿಮ ನಿರ್ಧಾರ ಎಂದು ಸಾಲುಗಳಿರುತ್ತವೆ. ನೋಡಿದರೆ ಒಂದಾದ ಮೇಲೊಂದು ನಡೆಯುವ ಹಾಗೆ ಕಾಣುತ್ತದೆ, ನಡೆಯುವುದು ಹಾಗಲ್ಲ. ಎಷ್ಟೋ ಕೆಲಸ ಒಟ್ಟೊಟ್ಟಿಗೆ ಸಾಗುತ್ತಿರುತ್ತದೆ. ‘ನಡೆಯುತ್ತಿದೆ’ ಎಂಬ ಒಂದೇ ಪದದ ಹಿಂದೆ, ಯಾರೂ ಇನ್ನೂ ತೆರೆದಿಲ್ಲ ಎಂಬುದರಿಂದ ಹಿಡಿದು ನಾಳೆ ಸಹಿ ಬೀಳುತ್ತದೆ ಎಂಬುದರ ತನಕ ಯಾವುದು ಬೇಕಾದರೂ ಇರಬಹುದು. ಹಿನ್ನೆಲೆ ಪರಿಶೀಲನೆಯೊಳಗೇ ಎರಡು ಕೆಲಸಗಳಿವೆ. ಅಪರಾಧ ದಾಖಲೆ ಇದೆಯೇ ಎಂಬುದನ್ನು ನೀವು ಕೊಟ್ಟ ಪಿಸಿಸಿ (ಪೊಲೀಸರ ಪ್ರಮಾಣಪತ್ರ) ಮತ್ತು ಬೆರಳಚ್ಚಿನಿಂದ ನೋಡುತ್ತಾರೆ. ಭದ್ರತೆಯ ಮಗ್ಗುಲನ್ನು ಅಗತ್ಯ ಬಿದ್ದರೆ ಅಲ್ಲಿನ ಗಡಿ ಸೇವಾ ಸಂಸ್ಥೆ ಮತ್ತು ಗುಪ್ತಚರ ಸಂಸ್ಥೆಗೆ ಕಳಿಸಿ ಕೇಳುತ್ತಾರೆ. ಈ ಸಾಲು ಕೊನೆಯ ತನಕ ‘ನಡೆಯುತ್ತಿದೆ’ ಎಂದೇ ಇದ್ದು, ಒಂದು ಬೆಳಗ್ಗೆ ನೇರವಾಗಿ ಪಾಸ್‌ಪೋರ್ಟ್ ಕಳಿಸಿ ಎಂಬ ಪತ್ರ ಬಂದದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಂಟು ತಿಂಗಳು ಅಲ್ಲಾಡಿಲ್ಲ ಎಂಬುದೊಂದರಿಂದಲೇ ಏನೋ ಎಡವಟ್ಟಾಗಿದೆ ಅಂದುಕೊಳ್ಳಬೇಡಿ. ಒಳಗಿನ ಅಕ್ಷರ ಬದಲಾಗದೆ ಮೇಲಿನ ತಾರೀಖು ಮಾತ್ರ ಬದಲಾಗುವುದೂ ಉಂಟು, ಕಾಯುವವರು ಅದಕ್ಕೆ ‘ಗೋಸ್ಟ್ ಅಪ್‌ಡೇಟ್’ ಅನ್ನುತ್ತಾರೆ. ಯಾರೋ ಕಡತ ಮುಟ್ಟಿದ್ದಾರೆ ಎಂಬುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ.

ಅಂಗಳದಲ್ಲಿ ಹರವಿದ ಅಡಿಕೆಯನ್ನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿದರೆ ಬೇಗ ಒಣಗುವುದಿಲ್ಲವಲ್ಲ. ಒಂಟಾರಿಯೊದ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಒಂಬತ್ತೂವರೆ. ಅಲ್ಲಿ ಕಚೇರಿ ನಡೆಯುವುದು ನಮ್ಮ ಸಂಜೆಯಿಂದ ನಡುರಾತ್ರಿಯ ಆಚೆವರೆಗೆ. ಬೆಳಗ್ಗೆ ಒಮ್ಮೆ ನೋಡಿದರೆ ಆ ದಿನದ್ದು ಮುಗಿಯಿತು. ಮಧ್ಯಾಹ್ನ ಅವರು ನಿದ್ದೆಯಲ್ಲಿರುತ್ತಾರೆ, ನೀವು ಗುಡ್ಡ ಹತ್ತುವುದು ವ್ಯರ್ಥ.

ಟ್ರ್ಯಾಕರ್‌ಗೆ ಹೊಸದಾಗಿ ಖಾತೆ ತೆರೆಯುವಾಗ ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಇನಿಷಿಯಲ್ ಆಗಿ ಮುಂದೆ ಕೂತಿರುತ್ತವೆ, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಅಂಥವರು ಅರ್ಜಿಯಲ್ಲಿ ಇಡೀ ಹೆಸರನ್ನು ಕುಟುಂಬದ ಹೆಸರಿನ ಜಾಗದಲ್ಲಿ ಬರೆದು, ಇನ್ನೊಂದನ್ನು ಖಾಲಿ ಬಿಡಬೇಕೆಂಬುದು ಇಲಾಖೆಯದೇ ಸೂಚನೆ. ಟ್ರ್ಯಾಕರ್ ಕೇಳುವುದೂ ಅರ್ಜಿಯಲ್ಲಿ ಬರೆದ ಹಾಗೆಯೇ. ಹೊಂದದಿದ್ದರೆ ಅಂಥ ಅರ್ಜಿಯೇ ಇಲ್ಲ ಎಂಬ ಹಾಗೆ ಉತ್ತರ ಬರುತ್ತದೆ, ಮನೆಮಂದಿಗೆಲ್ಲ ಎದೆ ಧಸಕ್ ಅನ್ನುತ್ತದೆ. ಊರಿನ ಹೆಸರೂ ಹಾಗೇ. ಶಿಮೊಗ್ಗ ಅಧಿಕೃತವಾಗಿ ಶಿವಮೊಗ್ಗ ಆದದ್ದು 2014ರ ನವೆಂಬರ್ 1ರಂದು. ಹಳೆಯ ಪಾಸ್‌ಪೋರ್ಟ್‌ನಲ್ಲಿ ಒಂದು ಸ್ಪೆಲಿಂಗ್, ಮದುವೆ ಪ್ರಮಾಣಪತ್ರದಲ್ಲಿ ಇನ್ನೊಂದು. ಅದಕ್ಕಾಗಿ ಯಾರ ಅರ್ಜಿಯೂ ಬಿದ್ದುಹೋದದ್ದನ್ನು ನಾನು ಕಂಡಿಲ್ಲ. ಎಲ್ಲಿ ತುಂಬಿದರೂ ಪಾಸ್‌ಪೋರ್ಟ್‌ನಲ್ಲಿರುವ ಹಾಗೆ ತುಂಬಿ, ಅಷ್ಟು ಸಾಕು. ಹಾಗೆಯೇ ಈ ನಡುವೆ ಮದುವೆಯ ನಂತರದ ಹೆಸರಿಗೆ ಪಾಸ್‌ಪೋರ್ಟ್ ಬದಲಿಸುವ ಉತ್ಸಾಹ ಬೇಡ.

ಇಲಾಖೆ ತನ್ನ ತಾಣದಲ್ಲಿ ಹಾಕುವ ‘ಸಂಸ್ಕರಣೆಯ ಅವಧಿ’ಯನ್ನು ಗಡುವು ಎಂದು ಓದಬೇಡಿ. ನೂರರಲ್ಲಿ 80 ಅರ್ಜಿಗಳು ಅಷ್ಟರೊಳಗೆ ಮುಗಿಯುತ್ತವೆ ಎಂಬುದು ಅದರ ಲೆಕ್ಕ. ಐದರಲ್ಲಿ ಒಂದು ಅದನ್ನೂ ದಾಟುತ್ತದೆ, ಮತ್ತು ಆ ಒಂದರಲ್ಲಿ ತಪ್ಪೇನೂ ಇರಬೇಕಾಗಿಲ್ಲ. ಸಂಗಾತಿಯ ಅರ್ಜಿಗಳನ್ನು ಹೆಚ್ಚಾಗಿ 12 ತಿಂಗಳಲ್ಲಿ ಮುಗಿಸುತ್ತೇವೆ ಎಂದು ಅಲ್ಲಿನ ಸರ್ಕಾರ 2016ರ ಡಿಸೆಂಬರ್‌ನಲ್ಲಿ ಹೇಳಿತ್ತು, ಆಮೇಲೆ ಅದು ಏರಿದೆ, ಇಳಿದಿದೆ. ಕ್ವಿಬೆಕ್ ಪ್ರಾಂತ್ಯದ ಕತೆ ಬೇರೆ, ಅಲ್ಲಿ ಪ್ರಾಂತ್ಯದ ಒಪ್ಪಿಗೆಯೂ ಬೇಕು, ಕಾಯುವುದೂ ಜಾಸ್ತಿ. ನಿಮ್ಮವರು ಒಂಟಾರಿಯೊದಲ್ಲಿರುವುದರಿಂದ ಅದು ನಿಮಗೆ ತಟ್ಟುವುದಿಲ್ಲ. ಹನ್ನೊಂದು ತಿಂಗಳಿಗೆ ಗಾಬರಿಯಾಗುವ ಹಂತಕ್ಕೆ ನೀವು ಬಂದಿಲ್ಲ.

ಹಾಗಿದ್ದೂ ಒಳಗೆ ಏನಿದೆ ಎಂದು ತಿಳಿಯಲೇಬೇಕು ಅನ್ನಿಸಿದರೆ ದಾರಿ ಇದೆ. ಅಧಿಕಾರಿಗಳು ಕಡತದಲ್ಲಿ ಬರೆದ ಟಿಪ್ಪಣಿಗಳ ಪ್ರತಿಯನ್ನು ಕೇಳಿ ಪಡೆಯಬಹುದು, ನಮ್ಮ ಮಾಹಿತಿ ಹಕ್ಕಿನ ಅರ್ಜಿಯಂತೆಯೇ. ಜನ ಇದನ್ನು ‘ಜಿಸಿಎಂಎಸ್ ನೋಟ್ಸ್’ ಅನ್ನುತ್ತಾರೆ. ನಿಮ್ಮ ಒಪ್ಪಿಗೆ ಪತ್ರದೊಂದಿಗೆ ಗಂಡ ಅಲ್ಲಿಂದ ಹಾಕಿದರೆ 5 ಡಾಲರ್ ಶುಲ್ಕ. ಉತ್ತರ ಕೊಡಲು ಕಾನೂನು ಕೊಟ್ಟಿರುವ ಅವಧಿ 30 ದಿನ, ಕೆಲವೊಮ್ಮೆ ಎಳೆಯುತ್ತದೆ. ಅದರಲ್ಲಿ ಮೆಡಿಕಲ್ ಪಾಸಾಗಿದೆಯೇ, ಅಪರಾಧ ದಾಖಲೆಯ ಭಾಗ ಮುಗಿದಿದೆಯೇ, ಭದ್ರತೆಯ ಭಾಗ ಶುರುವಾಗಿದೆಯೇ ಎಂಬುದೆಲ್ಲ ಬೇರೆ ಬೇರೆಯಾಗಿ ಕಾಣುತ್ತದೆ. ಭದ್ರತೆಗೆ ಸಂಬಂಧಿಸಿದ ಕೆಲವು ಸಾಲುಗಳಿಗೆ ಮಸಿ ಬಳಿದಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಏಜೆಂಟರ 40 ಸಾವಿರಕ್ಕಿಂತ ಈ 5 ಡಾಲರ್‌ಗೆ ಸಾವಿರ ಪಟ್ಟು ಬೆಲೆ. ಇನ್ನೊಂದು ದಾರಿ ಗಂಡನ ಕ್ಷೇತ್ರದ ಸಂಸದರ ಕಚೇರಿ. ಅಲ್ಲಿ ವಲಸೆ ಅರ್ಜಿಗಳ ಬಗ್ಗೆ ವಿಚಾರಿಸಿ ಹೇಳಲು ಸಿಬ್ಬಂದಿ ಇರುತ್ತಾರೆ, ದುಡ್ಡು ಕೇಳುವುದಿಲ್ಲ. ಅವರೂ ತಳ್ಳಲಾರರು, ಆದರೆ ಪರದೆಗಿಂತ ಸ್ವಲ್ಪ ಹೆಚ್ಚು ಹೇಳುತ್ತಾರೆ. ಕೇಳಿದರೆ ಸಿಟ್ಟಾಗಿ ತಿರಸ್ಕರಿಸುತ್ತಾರೇನೋ ಎಂಬ ಭಯ ನಮ್ಮ ಕಡೆ ಬಹಳ. ಹಾಗೇನೂ ಇಲ್ಲ, ಕೇಳುವುದು ಹಕ್ಕು. ವಾರಕ್ಕೊಂದು ವೆಬ್‌ಫಾರ್ಮ್ ಕಳಿಸಿದರೆ ಮಾತ್ರ ಒಂದೇ ಅಚ್ಚಿನ ಉತ್ತರಗಳು ಬರುತ್ತಾ ಹೋಗುತ್ತವೆ, ಅಷ್ಟೆ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಸ್ಟೇಟಸ್ ಅಲ್ಲ, ಗಂಡ ಐದಾರು ತಿಂಗಳು ಬಂದು ಇರುತ್ತಾರೆ ಎಂಬ ಮಾತು. ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ಸ್ವಲ್ಪ ತಡೆಯಿರಿ. ಸ್ಪಾನ್ಸರ್ ಮಾಡುವವರು ಕೆನಡಾದ ಪೌರರಾಗಿದ್ದರೆ, ಸಂಗಾತಿ ಬಂದ ಮೇಲೆ ಕೆನಡಾದಲ್ಲಿ ನೆಲೆಸುತ್ತೇವೆ ಎಂದು ತೋರಿಸಿ ಹೊರದೇಶದಲ್ಲಿದ್ದೂ ಸ್ಪಾನ್ಸರ್ ಮಾಡಬಹುದು. ಪಿಆರ್ ಮಾತ್ರ ಇರುವವರಿಗೆ ಆ ಅವಕಾಶವಿಲ್ಲ. ಅವರು ಕೆನಡಾದಲ್ಲೇ ವಾಸವಿರಬೇಕು, ಅದೂ ಅರ್ಜಿ ಹಾಕಿದ ದಿನ ಮಾತ್ರವಲ್ಲ, ನಿರ್ಧಾರ ಆಗುವ ತನಕ. ಎರಡು ಮೂರು ವಾರ ರಜೆಯಲ್ಲಿ ಬಂದು ಹೋದರೆ ವಾಸ ತಪ್ಪುವುದಿಲ್ಲ. ಇಷ್ಟೇ ವಾರ ಎಂದು ಕಾನೂನು ಗೆರೆ ಎಳೆದಿಲ್ಲ. ಆದರೆ ಬಾಡಿಗೆ ಮನೆ ಬಿಟ್ಟು, ಸಂಬಳವಿಲ್ಲದ ರಜೆ ಹಾಕಿ, ಕೊಯ್ಲು ಮುಗಿಯುವ ತನಕ ಇಲ್ಲೇ ಕೂತರೆ, ಇವರು ನಿಜಕ್ಕೂ ಕೆನಡಾದಲ್ಲಿ ವಾಸವಿದ್ದಾರೆಯೇ ಎಂಬ ಪ್ರಶ್ನೆಯನ್ನು ನಾವೇ ಅಧಿಕಾರಿಯ ಕೈಗೆ ಕೊಟ್ಟ ಹಾಗಾಗುತ್ತದೆ. ಒಮ್ಮೆ ಒಪ್ಪಿಗೆಯಾದ ಅವರ ಅರ್ಹತೆಯೇ ಆಗ ಅಲ್ಲಾಡಬಹುದು. ಕೆಲಸ ಹೋಗಿ ಅಲ್ಲಿನ ಸರ್ಕಾರಿ ಬಡತನ ನೆರವು ಪಡೆಯುವ ಸ್ಥಿತಿ ಬಂದರೂ ಅಷ್ಟೇ, ಅಂಗವೈಕಲ್ಯದ ಕಾರಣಕ್ಕಲ್ಲದೆ ಆ ನೆರವು ಪಡೆಯುವವರು ಸ್ಪಾನ್ಸರ್ ಆಗುವಂತಿಲ್ಲ. ಸಂಗಾತಿಯನ್ನು ಕರೆಸಲು ಸಾಮಾನ್ಯವಾಗಿ ಇಷ್ಟು ಸಂಬಳ ಇರಲೇಬೇಕೆಂಬ ನಿಯಮವಿಲ್ಲ, ಹೀಗಾಗಿ ಸಂಬಳ ಕಡಿಮೆ ಎಂದು ಹೆದರುವುದು ಬೇಡ. ಅಲ್ಲಿರಬೇಕು, ಅಷ್ಟೇ ಮುಖ್ಯ.

ಅವರು ಬರುವ ಬದಲು ನೀವು ಹೋಗುವುದನ್ನು ಯಾಕೆ ಯೋಚಿಸಬಾರದು? ಪಿಆರ್ ಅರ್ಜಿ ನಡೆಯುತ್ತಿರುವಾಗ ವಿಸಿಟರ್ ವೀಸಾ ಕೇಳಬಾರದು ಎಂಬುದು ನಮ್ಮಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆ. ಖಾಯಂ ನೆಲೆಸುವ ಆಸೆಯಿದ್ದೂ ತಾತ್ಕಾಲಿಕವಾಗಿ ಬರಬಹುದು ಎಂದು ಅಲ್ಲಿನ ವಲಸೆ ಕಾನೂನೇ ಹೇಳುತ್ತದೆ, ವೀಸಾದ ಅವಧಿ ಮುಗಿದರೆ ಹೊರಡುತ್ತೀರಿ ಎಂಬುದು ಅಧಿಕಾರಿಗೆ ನಂಬಿಕೆಯಾಗಬೇಕು. 2023ರ ಮೇ ತಿಂಗಳಲ್ಲಿ ಇಲಾಖೆ ಇಂಥ ಸಂಗಾತಿಗಳ ವಿಸಿಟರ್ ಅರ್ಜಿಗಳನ್ನು ಬೇಗ ನೋಡುವುದಾಗಿಯೂ, ಅಲ್ಲಿ ಸ್ಪಾನ್ಸರ್ ಜೊತೆ ಒಂದೇ ಮನೆಯಲ್ಲಿರುವವರು ಓಪನ್ ವರ್ಕ್ ಪರ್ಮಿಟ್ (ಯಾರ ಬಳಿಯಾದರೂ ಕೆಲಸ ಮಾಡುವ ಅನುಮತಿ) ಕೇಳಬಹುದೆಂದೂ ಪ್ರಕಟಿಸಿತ್ತು. ಫಾರ್ಮಿನಲ್ಲಿ ಪಿಆರ್ ಅರ್ಜಿಯ ವಿಷಯ ಮುಚ್ಚಿಡಬೇಡಿ, ಅದೇ ನಿಮ್ಮ ಬಲ. ವಿಸಿಟರ್ ವೀಸಾ ಸಿಗದಿದ್ದರೆ ಬೇಸರ, ಶುಲ್ಕ ನಷ್ಟ. ಆದರೆ ಅದೊಂದೇ ಕಾರಣಕ್ಕೆ ಪಿಆರ್ ಅರ್ಜಿ ಬೀಳುವುದಿಲ್ಲ.

ನೀವು ಕೇಳದ ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಈ ನಡುವೆ ನೀವು ಬಸುರಿಯಾದರೆ, ಅಥವಾ ಮಗು ಹುಟ್ಟಿದರೆ, ಇಲಾಖೆಗೆ ತಿಳಿಸಲೇಬೇಕು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಪದ್ಧತಿ, ಹೀಗಾಗಿ ಮಗು ಸಾಗರದಲ್ಲೇ ಹುಟ್ಟುವ ಸಾಧ್ಯತೆ ಹೆಚ್ಚು. ಅಪ್ಪನಿಗೆ ಪಿಆರ್ ಮಾತ್ರ ಇದ್ದರೆ ಇಲ್ಲಿ ಹುಟ್ಟಿದ ಮಗು ಕೆನಡಾದ ಪ್ರಜೆಯಲ್ಲ, ಅದರ ಹೆಸರನ್ನು ನಿಮ್ಮ ಅರ್ಜಿಗೆ ಸೇರಿಸಿ, ಅದಕ್ಕೂ ಪಾಸ್‌ಪೋರ್ಟ್, ಮೆಡಿಕಲ್ ಆಗಬೇಕು. ಹೇಳಿದರೆ ಇನ್ನಷ್ಟು ತಡವಾಗುತ್ತದೆ, ಮೊದಲು ಪಿಆರ್ ಬರಲಿ ಎಂದು ಮನೆಯ ಹಿರಿಯರು ಸಲಹೆ ಕೊಡುತ್ತಾರೆ. ಕೇಳಬೇಡಿ. ತಿಳಿಸದೆ ಬಿಟ್ಟ ಮಗುವನ್ನು ಮುಂದೆ ಕುಟುಂಬ ವರ್ಗದಲ್ಲಿ ಕರೆಸಿಕೊಳ್ಳಲು ಅಲ್ಲಿನ ನಿಯಮವೇ ಅಡ್ಡ ಬರುತ್ತದೆ. ನಡುವೆ ಕೆಲವು ವಿನಾಯಿತಿಗಳನ್ನು ಕೊಟ್ಟದ್ದುಂಟು, ಆದರೆ ಮಗುವಿನ ವಿಷಯದಲ್ಲಿ ವಿನಾಯಿತಿ ನೆಚ್ಚಿ ಕೂರುವುದು ಬೇಡ. ವೀಸಾ ಕೈಗೆ ಬಂದು ವಿಮಾನ ಹತ್ತುವ ಮೊದಲು ಹುಟ್ಟಿದರೂ ಇದೇ ಮಾತು. ಹಾಗೆಯೇ ಬಸುರಿಯಿರುವಾಗ ಮತ್ತೆ ಮೆಡಿಕಲ್ ಮಾಡಿಸಬೇಕಾಗಿ ಬಂದರೆ ಎದೆಯ ಎಕ್ಸ್‌ರೇಯನ್ನು ಹೆರಿಗೆಯ ನಂತರಕ್ಕೆ ಮುಂದೂಡಲು ಕೇಳಬಹುದು. ಹೊಸ ಪಾಸ್‌ಪೋರ್ಟ್, ವಿಳಾಸ ಬದಲಾವಣೆ, ಇವನ್ನೂ ವೆಬ್‌ಫಾರ್ಮ್‌ನಲ್ಲಿ ತಿಳಿಸಿ. ಊರಲ್ಲಿ ನೀವು ಕೆಲಸಕ್ಕೆ ಸೇರಿದರೆ ಅರ್ಜಿಗೆ ತೊಂದರೆಯೇನೋ ಎಂದು ಹಲವರು ಕೇಳುತ್ತಾರೆ. ಏನೂ ಇಲ್ಲ, ಸೇರಿ. ಗುಡ್ಡ ಹತ್ತುವುದು ತಾನಾಗಿ ಕಡಿಮೆಯಾಗುತ್ತದೆ.

ಸಂಬಂಧದ ಪುರಾವೆ ಕೂಡಿಡುವುದನ್ನು ಅರ್ಜಿ ಹಾಕಿದ ದಿನಕ್ಕೆ ನಿಲ್ಲಿಸಬೇಡಿ. ನಮ್ಮ ಮದುವೆಗಳು ಹೊರಗಿನವರ ಕಣ್ಣಿಗೆ ವಿಚಿತ್ರವೇ: ಒಂದು ಸಲ ನೋಡಿ, ಜಾತಕ ಕೂಡಿಸಿ, ತಿಂಗಳೊಳಗೆ ಧಾರೆ, ಹದಿನೈದು ದಿನಕ್ಕೆ ಹುಡುಗ ವಾಪಸ್. ಅಧಿಕಾರಿಗೆ ಸಂಶಯ ಬಂದರೆ ಇಂಟರ್‌ವ್ಯೂಗೆ ಕರೆಯಬಹುದು, ಇಲ್ಲವೇ ವಿವರಣೆ ಕೇಳಿ ಪತ್ರ ಬರಬಹುದು. ಫೋನ್ ಕರೆಗಳ ಪಟ್ಟಿ, ದುಡ್ಡು ಕಳಿಸಿದ ದಾಖಲೆ, ಅವರು ಬಂದು ಹೋದ ಟಿಕೆಟ್, ಹಬ್ಬದ ಫೋಟೋ ಎಲ್ಲ ಒಂದು ಕಡೆ ಇರಲಿ. ಒಮ್ಮೆ ತೀರ್ಥಹಳ್ಳಿ ಕಡೆಯ ಒಂದು ಕುಟುಂಬ ಮುಯ್ಯಿ ಬರೆದ ನೋಟ್‌ಬುಕ್ಕನ್ನೇ ಹಿಡಿದುಕೊಂಡು ನನ್ನ ಬಳಿ ಬಂದಿತ್ತು. ಮುನ್ನೂರು ಮನೆಯ ಹೆಸರು, ಐವತ್ತೊಂದು, ನೂರಾ ಒಂದು ಎಂದು ಸಾಲು ಸಾಲು. ಅನುವಾದ ಮಾಡಿಸಿ ಎರಡು ಪುಟ ಲಗತ್ತಿಸಿದೆ. ನಕಲಿ ಮದುವೆಗೆ ಯಾರು ಮುಯ್ಯಿ ಹಾಕುತ್ತಾರೆ ಹೇಳಿ! ಒಂದು ವೇಳೆ ತಿರಸ್ಕಾರವೇ ಆದರೂ, ನೀವು ಹೊರದೇಶದಿಂದ ಹಾಕಿದ ಅರ್ಜಿಯಾದ್ದರಿಂದ ಗಂಡ 30 ದಿನದೊಳಗೆ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ಈಗ ಅದರ ಬಗ್ಗೆ ನಿದ್ದೆಗೆಡಬೇಡಿ.

ಕೊನೆಗೆ ತಂಗಿಯ ಮದುವೆ. ಇಲ್ಲಿ ಲೆಕ್ಕ ಸ್ವಲ್ಪ ಬಿಗಿಯಾಗಿದೆ. ಮೆಡಿಕಲ್‌ಗೆ 12 ತಿಂಗಳು ಜೀವ, ಅಂದರೆ ನಿಮ್ಮದು ಏಪ್ರಿಲ್‌ಗೆ ಮುಗಿಯುತ್ತದೆ. ಪಿಆರ್ ವೀಸಾದ ಕೊನೆಯ ದಿನವನ್ನು ಸಾಮಾನ್ಯವಾಗಿ ಮೆಡಿಕಲ್ ಅಥವಾ ಪಾಸ್‌ಪೋರ್ಟ್, ಯಾವುದು ಮೊದಲು ಮುಗಿಯುತ್ತದೋ ಅದಕ್ಕೆ ಕಟ್ಟಿರುತ್ತಾರೆ, ಮತ್ತು ಅದನ್ನು ಮುಂದೂಡುವುದಿಲ್ಲ. ಹಾಗಾಗಿ ಪಾಸ್‌ಪೋರ್ಟ್ ಕಳಿಸಿ ಎಂಬ ಪತ್ರ ಫೆಬ್ರುವರಿಯಲ್ಲಿ ಬಂದರೆ, ಮೇ ಮದುವೆ ಮುಗಿಸಿಕೊಂಡು ಹೊರಡುತ್ತೇನೆ ಅನ್ನುವ ಹಾಗಿಲ್ಲ. ವೀಸಾದ ಮೇಲಿನ ತಾರೀಖಿನೊಳಗೆ ಅಲ್ಲಿ ಇಳಿಯಲೇಬೇಕು. ಇಳಿದು ಪಿಆರ್ ಆದ ಮೇಲೆ ಕಾರ್ಡ್ ಅಂಚೆಯಲ್ಲಿ ಬ್ರಾಂಪ್ಟನ್ ವಿಳಾಸಕ್ಕೆ ಬರುತ್ತದೆ, ಆ ದಿನವೇ ಕೈಗೆ ಸಿಗುವುದಿಲ್ಲ. ಕಾರ್ಡ್ ಇಲ್ಲದೆ ಮದುವೆಗೆ ಓಡಿ ಬಂದರೆ ವಾಪಸ್ ವಿಮಾನ ಹತ್ತಿಸುವುದಿಲ್ಲ. ಇಲ್ಲಿಂದ ಪಿಆರ್ ಪ್ರಯಾಣ ದಾಖಲೆಗೆ ಅರ್ಜಿ ಹಾಕಿ ಮತ್ತೆ ಕಾಯಬೇಕು. ಬೇಗ ಇಳಿದು, ಕಾರ್ಡ್ ಕೈಗೆ ಬಂದ ಮೇಲೆ ಟಿಕೆಟ್ ಮಾಡಿಸಿಕೊಂಡು ಮದುವೆಗೆ ಬರುವುದು ಒಳ್ಳೆಯ ದಾರಿ. ಪತ್ರ ಏಪ್ರಿಲ್ ದಾಟಿ ಬರುವುದಾದರೆ ಬಹುಶಃ ಮೆಡಿಕಲ್ ಮತ್ತೆ ಕೇಳುತ್ತಾರೆ, ಬೆಂಗಳೂರಿಗೆ ಇನ್ನೊಂದು ಸಲ ಹೋಗಬೇಕು, ಆಗ ಮದುವೆಗೆ ನೀವು ಹೇಗೂ ಇಲ್ಲೇ ಇರುತ್ತೀರಿ. ಎರಡರಲ್ಲಿ ಯಾವುದೇ ಆದರೂ ತಂಗಿಗೆ ತಾರೀಖು ಬದಲಿಸಲು ಮಾತ್ರ ಹೇಳಬೇಡಿ. ಮೇ ತಿಂಗಳಲ್ಲಿ ಸಾಗರದಲ್ಲಿ ಕಲ್ಯಾಣ ಮಂಟಪ ಸಿಗುವುದು ಪಿಆರ್‌ಗಿಂತ ಕಷ್ಟ.